ಮಂತ್ರದ ಕೋಲಿಗೂ ಪರ್ಮಿಟ್ ಬೇಕು

ನಾನು ಅಮೆರಿಕಕ್ಕೆ ಬಂದದ್ದು 2013ರಲ್ಲಿ. ಗಂಡನಿಗೆ ಕೆಲಸದ ವೀಸಾ ಎಚ್-1ಬಿ, ನನಗೆ ಅವನ ಹೆಂಡತಿ ಅಂತ ಎಚ್-4. ಬಂದ ಎರಡನೇ ತಿಂಗಳಿಗೆ ನನ್ನ ಕೈಗೆ ಒಂದು ಕಾಗದ ಸಿಕ್ಕಿತು. ಈಕೆಗೆ ಸೋಷಿಯಲ್ ಸೆಕ್ಯೂರಿಟಿ ನಂಬರ್ ಕೊಡಲು ಬರುವುದಿಲ್ಲ ಅಂತ ಬರೆದುಕೊಟ್ಟ ಕಾಗದ. ಅದಕ್ಕೋಸ್ಕರ ಎರಡು ಗಂಟೆ ಕಾದಿದ್ದೆ. ಯಾಕೆ ಅಂತೀರಾ? ಡ್ರೈವಿಂಗ್ ಲೈಸೆನ್ಸ್‌ಗೆ ಹೋದರೆ ನಂಬರ್ ಕೇಳುತ್ತಾರೆ. ಇಲ್ಲ ಅಂದರೆ, ಇಲ್ಲ ಅನ್ನುವುದಕ್ಕೆ ಪುರಾವೆ ಕೇಳುತ್ತಾರೆ. ಕೌಂಟರ್‌ನಲ್ಲಿದ್ದ ಹೆಂಗಸು ನನ್ನ ಹೆಸರಿನ ಸ್ಪೆಲ್ಲಿಂಗನ್ನು ಮೂರು ಸಲ ಕೇಳಿದರು. ಆಮೇಲೆ ಪ್ರಿಂಟ್ ತೆಗೆದು, ನಕ್ಕು, ಕೈಗೆ ಕೊಟ್ಟರು. ನಾನೂ ನಕ್ಕೆ. ಏನೂ ಇಲ್ಲದವಳು ಅಂತ ಸಾಬೀತಾದ ಖುಷಿ.

ಎಚ್-4 ಅಂದರೆ ಆಗ ಈ ದೇಶದಲ್ಲಿ ಇರಬಹುದಿತ್ತು, ಓದಬಹುದಿತ್ತು, ಕೆಲಸ ಮಾತ್ರ ಮಾಡುವಂತಿರಲಿಲ್ಲ. ಬೆಂಗಳೂರಿನಲ್ಲಿ ಆರು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದವಳು ಮ್ಯಾಸಚೂಸೆಟ್ಸ್‌ನ ವುಸ್ಟರ್ ಹತ್ತಿರ ಒಂದು ಅಪಾರ್ಟ್‌ಮೆಂಟಿನಲ್ಲಿ ಒಂಬತ್ತು ಗಂಟೆಗೆಲ್ಲ ಅಡುಗೆ ಮುಗಿಸಿ ಕೂರುತ್ತಿದ್ದೆ. ಹೊರಗೆ ಮೊಣಕಾಲುದ್ದ ಹಿಮ. ಊರಿಗೆ ಫೋನ್ ಮಾಡೋಣ ಅಂದರೆ ಅಲ್ಲಿ ಅಮ್ಮ ಊಟ ಮುಗಿಸಿ ಮಲಗುವ ಹೊತ್ತು. ಹೀಗೆ ಕೂತೂ ಕೂತೂ ಒಂದು ದಿನ ಬರೆಯಲು ಶುರು ಮಾಡಿದೆ. ಬರೆದದ್ದು ಫ್ಯಾನ್‌ಫಿಕ್. ಅದರಲ್ಲೂ ಹ್ಯಾರಿ ಪಾಟರ್ ಲೋಕದ ಅಮೆರಿಕ.

ಗೊತ್ತಿಲ್ಲದವರಿಗೆ ಎರಡು ಮಾತು. ಬೇರೆಯವರು ಕಟ್ಟಿದ ಲೋಕದೊಳಗೆ ಹೋಗಿ ನಮ್ಮ ಕಥೆ ಬರೆಯುವುದು ಫ್ಯಾನ್‌ಫಿಕ್. ದುಡ್ಡು ಬರುವುದಿಲ್ಲ. ಮನೆಯವರ ಹತ್ತಿರ ಹೇಳಿಕೊಳ್ಳಲು ಸ್ವಲ್ಪ ನಾಚಿಕೆ. ಮೂಲ ಪುಸ್ತಕದಲ್ಲಿ ಇರುವುದು ಕ್ಯಾನನ್. ಅಲ್ಲಿ ಇಲ್ಲದ್ದು, ಆದರೆ ನನ್ನ ಮಟ್ಟಿಗೆ ನಿಜ ಅಂತ ಇಟ್ಟುಕೊಂಡದ್ದು ಹೆಡ್‌ಕ್ಯಾನನ್. ನಾವೇ ಹುಟ್ಟಿಸಿದ ಪಾತ್ರ ಓಸಿ. ಹಾಕುವ ಮುಂಚೆ ಓದಿ ತಪ್ಪು ಹೇಳುವ ಸ್ನೇಹಿತೆ ಬೀಟಾ. ಪದಗಳು ಹೊಸವು ಅಷ್ಟೇ. ಪ್ರಸಂಗದಲ್ಲಿ ಒಂದೇ ಪದ್ಯ ಇರುವ ಪಾತ್ರಕ್ಕೆ ತಾಳಮದ್ದಲೆಯ ಅರ್ಥಧಾರಿ ಅರ್ಧ ಗಂಟೆ ಮಾತು ಹೊಸೆಯುವುದನ್ನು ಕೇಳಿ ಬೆಳೆದವರಿಗೆ ಇದರಲ್ಲಿ ವಿಚಿತ್ರ ಏನೂ ಕಾಣುವುದಿಲ್ಲ.

ಇಂಥ ಕಥೆಗಳ ದೊಡ್ಡ ಮನೆ ಆರ್ಕೈವ್ ಆಫ್ ಅವರ್ ಓನ್. ಓದುಗರೇ ಚಂದಾ ಹಾಕಿ ನಡೆಸುವ, ಲಾಭಕ್ಕಲ್ಲದ ಜಾಗ. 2009ರಲ್ಲಿ ತೆರೆದದ್ದು. 2019ರಲ್ಲಿ ಅದಕ್ಕೆ ವೈಜ್ಞಾನಿಕ ಕಥೆಗಳ ದೊಡ್ಡ ಪ್ರಶಸ್ತಿ ಹ್ಯೂಗೋ ಬಂದಾಗ ನಮ್ಮಂಥವರೆಲ್ಲ ನಮಗೇ ಬಂತು ಅಂತ ಕುಣಿದೆವು. ನಿಮಗೆ ಬಂದಿಲ್ಲ, ಜಾಗಕ್ಕೆ ಬಂದಿದೆ, ಹಾಗೆಲ್ಲ ಹೇಳಿಕೊಳ್ಳಬೇಡಿ ಅಂತ ಪ್ರಶಸ್ತಿಯವರು ಸ್ವಲ್ಪ ಗದರಿದ್ದೂ ಆಯಿತು. ಇರಲಿ.

ಮೊದಲು ನಾನು ಬರೆಯುತ್ತಿದ್ದದ್ದಲ್ಲ, ತಿದ್ದುತ್ತಿದ್ದದ್ದು. ಹ್ಯಾರಿ ಓದುವ ಮಾಂತ್ರಿಕ ಶಾಲೆ ಹಾಗ್ವಾರ್ಟ್ಸ್ ಬಗ್ಗೆ ಬರೆಯುವ ಅಮೆರಿಕದವರಿಗೆ ಒಂದು ಕಷ್ಟ ಇದೆ. ಇಂಗ್ಲೆಂಡಿನ ಮಕ್ಕಳು ಅಮೆರಿಕದ ಇಂಗ್ಲಿಷ್ ಮಾತಾಡಿಬಿಡುತ್ತಾರೆ. ಅದನ್ನು ಹುಡುಕಿ ಸರಿ ಮಾಡುವುದಕ್ಕೆ ಬ್ರಿಟ್‌ಪಿಕ್ ಅನ್ನುತ್ತಾರೆ. ಕುಕೀ ಅಲ್ಲ ಬಿಸ್ಕತ್ತು. ಫ್ಲ್ಯಾಶ್‌ಲೈಟ್ ಅಲ್ಲ ಟಾರ್ಚ್. ಎಲಿವೇಟರ್ ಅಲ್ಲ ಲಿಫ್ಟ್. ಹೇಳಿ ಕೇಳಿ ಇದೆಲ್ಲ ಹಾಸನದ ಇಂಗ್ಲಿಷು! ಇಂಗ್ಲೆಂಡ್ ಮುಖ ನೋಡದ ನಾನು ಅಮೆರಿಕದ ಹುಡುಗಿಯರಿಗೆ ಇಂಗ್ಲೆಂಡಿನ ಮಾತು ಕಲಿಸುತ್ತಿದ್ದೆ. ಆಮೇಲೆ ನಾನೇ ಅಮೆರಿಕದ ಕಥೆ ಬರೆಯಲು ಹೋದಾಗ ತಿರುಗುಬಾಣ ಆಯಿತು. ನನ್ನ ಬೋಸ್ಟನ್ ಹುಡುಗ ಕತ್ತಲಾದಾಗಲೆಲ್ಲ ಟಾರ್ಚ್ ಹುಡುಕುತ್ತಿದ್ದ. ಇಲ್ಲಿ ಟಾರ್ಚ್ ಅಂದರೆ ದೀವಟಿಗೆ. ಕೋಟೆ, ಮಂತ್ರ, ಮಾಯ ಇರುವ ಕಥೆ ಆದ್ದರಿಂದ ಮೂರು ಅಧ್ಯಾಯದವರೆಗೆ ಯಾರಿಗೂ ಅನುಮಾನ ಬರಲಿಲ್ಲ.

ಆ ಕಾಲದಲ್ಲಿ ಮಾಂತ್ರಿಕ ಅಮೆರಿಕ ಅಂದರೆ ಬಯಲು. ಏಳು ಪುಸ್ತಕಗಳಲ್ಲಿ ಅದರ ಬಗ್ಗೆ ಹೆಚ್ಚೇನೂ ಇಲ್ಲ. 2000ದಲ್ಲಿ ಬಂದ ನಾಲ್ಕನೇ ಪುಸ್ತಕದಲ್ಲಿ ಪೊರಕೆ ಮೇಲೆ ಹಾರುತ್ತಾ ಆಡುವ ಕ್ವಿಡಿಚ್ ಆಟದ ವಿಶ್ವಕಪ್ ನಡೆಯುವ ಮೈದಾನದ ಹತ್ತಿರ ಗುಡಾರಗಳ ಸಾಲು ಬರುತ್ತದೆ. ಅಲ್ಲಿ ನಡುವಯಸ್ಸಿನ ಕೆಲವು ಅಮೆರಿಕದ ಮಾಟಗಾತಿಯರು ಎರಡು ಗುಡಾರದ ನಡುವೆ ಮಿಣಮಿಣ ಬ್ಯಾನರ್ ಕಟ್ಟಿಕೊಂಡು ಹರಟೆ ಹೊಡೆಯುತ್ತಿರುತ್ತಾರೆ. ಬ್ಯಾನರ್ ಮೇಲೆ ಸೇಲಂ ವಿಚಸ್ ಇನ್‌ಸ್ಟಿಟ್ಯೂಟ್ ಅಂತ ಹೆಸರು. ಅಷ್ಟೇ. ಇನ್‌ಸ್ಟಿಟ್ಯೂಟ್ ಅಂದಮೇಲೆ ಶಾಲೆಯೇ ಇರಬೇಕು ಅಂತ ಅಮೆರಿಕದ ಓದುಗರು ತೀರ್ಮಾನ ಮಾಡಿದರು. ಅದು ಶಾಲೆ ಅಲ್ಲ. ಇಂಗ್ಲೆಂಡಿನಲ್ಲಿ ವಿಮೆನ್ಸ್ ಇನ್‌ಸ್ಟಿಟ್ಯೂಟ್ ಅಂತ ಇದೆ. ಜಾಮ್ ಮಾಡುವುದು, ಹೊಲಿಗೆ, ಭಾಷಣ, ಹಾಡು. ಅದರ ಮೇಲಿನ ತಮಾಷೆ ಅದು. ನಮ್ಮಲ್ಲಿ ಹೇಳುವುದಾದರೆ ಮಹಿಳಾ ಸಮಾಜ. ಒಂದು ಮಹಿಳಾ ಸಮಾಜದ ಬ್ಯಾನರ್ ನೋಡಿ, ಅದನ್ನು ಬೋರ್ಡಿಂಗ್ ಸ್ಕೂಲ್ ಅಂದುಕೊಂಡು, ಅದಕ್ಕೆ ಹಾಸ್ಟೆಲ್ಲು, ಹೆಡ್‌ಮಿಸ್ಟ್ರೆಸ್ಸು, ಸಮವಸ್ತ್ರ, ಫುಟ್‌ಬಾಲ್ ತಂಡ ಎಲ್ಲ ಕಟ್ಟಿಬಿಟ್ಟರು! ನನಗೆ ಫ್ಯಾನ್‌ಫಿಕ್ ಬಗ್ಗೆ ಪ್ರೀತಿ ಬರಲು ಈ ಒಂದು ತಪ್ಪು ಸಾಕು.

ಸೇಲಂ ಒಂದೇ ಅಲ್ಲ. ಲೂಸಿಯಾನದ ಜೌಗಿನಲ್ಲಿ ದೋಣಿ ಮೇಲೆ ತೇಲುವ ಶಾಲೆ, ಟೆಕ್ಸಸ್‌ನ ಮರುಭೂಮಿಯಲ್ಲಿ ಒಂದು, ಅಲಾಸ್ಕಾದಲ್ಲಿ ಚಳಿಗಾಲದ ಮುಗಿಯದ ರಾತ್ರಿಯೊಳಗೆ ಒಂದು. ಹಳದಿ ಸ್ಕೂಲ್ ಬಸ್ಸು ಹಾರುತ್ತಿತ್ತು. ಒಬ್ಬಳು ಬರೆದದ್ದರಲ್ಲಿ ಶಾಲೆಯೇ ಇರಲಿಲ್ಲ. ಇಷ್ಟು ದೊಡ್ಡ ದೇಶದಲ್ಲಿ ಮಕ್ಕಳನ್ನು ಎಲ್ಲಿಗೆ ಕಳಿಸುವುದು ಅಂತ ಅಜ್ಜಿಯರೇ ಮನೆಯಲ್ಲಿ ಕಲಿಸುತ್ತಿದ್ದರು. ಕ್ಯಾನನ್‌ನಿಂದ ಸಿಕ್ಕಿದ್ದ ಇನ್ನೊಂದು ಚೂರು ಆಟದ್ದು. ಅಮೆರಿಕದವರು ಕ್ವಿಡಿಚ್‌ಗಿಂತ ಜಾಸ್ತಿ ಕ್ವಾಡ್‌ಪಾಟ್ ಆಡುತ್ತಾರೆ, ಅದರಲ್ಲಿ ಚೆಂಡು ಢಂ ಅಂತ ಸಿಡಿಯುತ್ತದೆ, ಕ್ವಿಡಿಚ್‌ನಲ್ಲಿ ಮಾತ್ರ ಫಿಚ್‌ಬರ್ಗ್ ಫಿಂಚಸ್ ಅನ್ನುವ ತಂಡ ಜೋರು ಅಂತ. ಫಿಚ್‌ಬರ್ಗ್ ನಮ್ಮ ಮನೆಯಿಂದ ಅರ್ಧ ಗಂಟೆ. ಹಳೇ ಕಾಗದದ ಗಿರಣಿಗಳ ಊರು. ನಾನು ಅಲ್ಲಿಗೆ ಹೋದಾಗಲೆಲ್ಲ ಒಮ್ಮೆ ಆಕಾಶ ನೋಡಿದ್ದುಂಟು, ಸುಮ್ನೆ.

ಸೇಲಂಗೂ ಹೋಗಿದ್ದೆ. ಅಲ್ಲಿ ಪೊಲೀಸರ ತೋಳಿನ ಬ್ಯಾಡ್ಜ್ ಮೇಲೆ ಪೊರಕೆ ಏರಿದ ಮಾಟಗಾತಿ ಇದ್ದಾಳೆ. ಅಕ್ಟೋಬರ್ ಬಂದರೆ ಜಾತ್ರೆಯೇ. ನಿಜದ ಸೇಲಂನಲ್ಲಿ 1692ರಲ್ಲಿ ಹತ್ತೊಂಬತ್ತು ಜನರನ್ನು ನೇಣಿಗೆ ಹಾಕಿದರು, ಒಬ್ಬ ಮುದುಕನ ಎದೆ ಮೇಲೆ ಕಲ್ಲು ಹೇರಿ ಕೊಂದರು. ಯಾರನ್ನೂ ಸುಡಲಿಲ್ಲ, ಆ ಕಥೆ ಹೇಗೋ ಹುಟ್ಟಿಕೊಂಡಿದೆ. ನನ್ನ ತಲೆಯಲ್ಲಿ ಉಳಿದವಳು ಸಾಯದೇ ಉಳಿದ ಒಬ್ಬಳು, ಎಲಿಜಬೆತ್ ಜಾನ್ಸನ್. ಮರುವರ್ಷ ಅವಳಿಗೂ ಶಿಕ್ಷೆ ಆಗಿತ್ತು, ನೇಣು ತಪ್ಪಿತು. ಆಮೇಲಿನ ಶತಮಾನಗಳಲ್ಲಿ ತಪ್ಪಾಯಿತು ಅಂತ ಸರ್ಕಾರ ಒಬ್ಬೊಬ್ಬರ ಹೆಸರನ್ನೇ ಖುಲಾಸೆ ಮಾಡುತ್ತಾ ಬಂದಾಗ ಅವಳ ಹೆಸರು ಪಟ್ಟಿಯಿಂದ ಬಿಟ್ಟುಹೋಯಿತು. ನಾರ್ತ್ ಆಂಡೋವರ್ ಊರಿನ ಎಂಟನೇ ಕ್ಲಾಸಿನ ಮಕ್ಕಳು ಓಡಾಡಿ, ಪತ್ರ ಬರೆದು, 2022ರಲ್ಲಿ ಅವಳ ಹೆಸರು ಸೇರಿಸಿದರು. 329 ವರ್ಷ ಒಂದು ಹೆಂಗಸು ಕಾಗದದ ಮೇಲೆ ಮಾಟಗಾತಿಯಾಗಿಯೇ ಉಳಿದಿದ್ದಳು. ಕೌಂಟರ್ ಮುಂದೆ ಕೂತವರಿಗೆ ಇದು ಅರ್ಥವಾಗುತ್ತದೆ.

2015ರ ನವೆಂಬರಿನಲ್ಲಿ ಮೊದಲ ಕಲ್ಲು ಬಿತ್ತು. ಮಂತ್ರ ಬಾರದವರನ್ನು ಅಮೆರಿಕದಲ್ಲಿ ಮಗಲ್ ಅನ್ನುವುದಿಲ್ಲ, ನೋ-ಮ್ಯಾಜ್ ಅನ್ನುತ್ತಾರೆ ಅಂತ ಸುದ್ದಿ. ಶಾಂಪೂ ಹೆಸರಿನ ಹಾಗಿದೆ ಅಂತ ನಾನು ಬೀಟಾಗೆ ಬರೆದೆ. ಆಮೇಲೆ 2016ರ ಮಾರ್ಚಿನಲ್ಲಿ ಹ್ಯಾರಿ ಪಾಟರ್ ಬರೆದ ಜೆ.ಕೆ. ರೌಲಿಂಗ್ ತಮ್ಮ ಜಾಲತಾಣದಲ್ಲಿ ಉತ್ತರ ಅಮೆರಿಕದ ಮಾಂತ್ರಿಕ ಚರಿತ್ರೆ ಅಂತ ನಾಲ್ಕು ಚಿಕ್ಕ ಬರಹ ಹಾಕಿದರು. ಜೂನ್‌ನಲ್ಲಿ ಶಾಲೆಯೂ ಬಂತು. ಹೆಸರು ಇಲ್ವರ್‌ಮಾರ್ನಿ. ಜಾಗ ಮ್ಯಾಸಚೂಸೆಟ್ಸ್‌ನ ಗ್ರೇಲಾಕ್ ಬೆಟ್ಟ. ಬಯಲಿಗೆ ಬೇಲಿ ಬಿತ್ತು.

ಬೇಸರ ಆಗಲಿಲ್ಲವಾ ಅಂದರೆ ಆಯಿತು. ಲೂಸಿಯಾನದ ದೋಣಿ ಶಾಲೆ ಬರೆಯುತ್ತಿದ್ದವಳು ನಲವತ್ತನೇ ಅಧ್ಯಾಯದಲ್ಲಿ ನಿಲ್ಲಿಸಿಬಿಟ್ಟಳು. ಆದರೆ ಶಾಲೆಯ ಕಥೆಯಲ್ಲಿ ಚಂದದ ಚೂರುಗಳಿದ್ದವು, ಸುಳ್ಳು ಹೇಳಬಾರದು. ಐರ್ಲೆಂಡಿನ ಅನಾಥ ಹುಡುಗಿ ಇಸೋಲ್ಟ್ ಸೇಯರ್ ಮೇಫ್ಲವರ್ ಹಡಗಿನಲ್ಲಿ ತಪ್ಪಿಸಿಕೊಂಡು ಬರುತ್ತಾಳೆ. ಕಲ್ಲು ಕೆಲಸದವನೊಬ್ಬನನ್ನು ಮದುವೆಯಾಗುತ್ತಾಳೆ. ಅವನಿಗೆ ಮಂತ್ರ ಬಾರದು. ಕಾಡಿನಲ್ಲಿ ಸಿಕ್ಕ ಇಬ್ಬರು ಹುಡುಗರನ್ನು ಸಾಕಿಕೊಳ್ಳುತ್ತಾಳೆ. ಮನೆಯಲ್ಲೇ ಪಾಠ ಶುರುವಾಗುತ್ತದೆ, ಮನೆಯೇ ಶಾಲೆಯಾಗುತ್ತದೆ. ಶಾಲೆಯ ಅಂಗಿ ನೀಲಿ ಮತ್ತು ಕ್ರ್ಯಾನ್‌ಬೆರಿ ಬಣ್ಣ. ಕ್ರ್ಯಾನ್‌ಬೆರಿ ಯಾಕೆ? ಗಂಡನಿಗೆ ಕ್ರ್ಯಾನ್‌ಬೆರಿ ಪೈ ಇಷ್ಟ! ಹಾಗ್ವಾರ್ಟ್ಸನ್ನು ನಾಲ್ಕು ಜನ ಮಹಾ ಮಾಂತ್ರಿಕರು ಕಟ್ಟಿದರು. ಇದನ್ನು ಕಟ್ಟಿದವರಲ್ಲಿ ಒಬ್ಬ ಬರೀ ಮೇಸ್ತ್ರಿ. ನನಗೆ ಅದು ಹಿಡಿಸಿತು.

2017ರ ಅಕ್ಟೋಬರಿನಲ್ಲಿ ಗ್ರೇಲಾಕ್‌ಗೆ ಹೋದೆವು. ಗಂಡನಿಗೆ ಎಲೆ ಬಣ್ಣ ನೋಡಲು ಅಂತ ಹೇಳಿದ್ದೆ. ಎರಡನೇ ನಂಬರ್ ರಸ್ತೆ ಹಿಡಿದು, ಫಿಚ್‌ಬರ್ಗ್ ದಾಟಿ, ಪಶ್ಚಿಮಕ್ಕೆ ಸುಮಾರು ಎರಡು ಗಂಟೆ. ರಾಜ್ಯದ ಅತಿ ಎತ್ತರದ ಬೆಟ್ಟ ಅಂದರೂ 3,491 ಅಡಿ. ನಮ್ಮ ಮುಳ್ಳಯ್ಯನಗಿರಿ ಅದರ ಎರಡರಷ್ಟು ಹತ್ತಿರ ಹತ್ತಿರ ಇದೆ ಅಂತ ಗಂಡ ದಾರಿಯುದ್ದಕ್ಕೂ ಹೇಳಿದ. ಮೇಲಿನವರೆಗೂ ಕಾರು ಹೋಗುತ್ತದೆ. ಚಳಿಗಾಲದಲ್ಲಿ ರಸ್ತೆ ಮುಚ್ಚುತ್ತಾರೆ. ಕೆಳಗೆ ಮೇಪಲ್ ಮರಗಳು ಕೆಂಪಗೆ ಉರಿಯುತ್ತಿದ್ದವು. ಏರುತ್ತಾ ಏರುತ್ತಾ ಬಣ್ಣ ಕಮ್ಮಿಯಾಗಿ ಗಿಡ್ಡನೆ ಸ್ಪ್ರೂಸ್, ಫರ್ ಮರಗಳು ಬಂದವು, ಗಾಳಿಗೆ ಒಂದೇ ಕಡೆ ಬಾಗಿದವು. ಕರ್ಪೂರಕ್ಕೂ ನಿಂಬೆಗೂ ನಡುವಿನ ಒಂದು ವಾಸನೆ. ತುದಿಗೆ ಬರುವ ಹೊತ್ತಿಗೆ ಮಂಜು ಎಷ್ಟಿತ್ತೆಂದರೆ ಕಾರಿನ ಮುಂದಿನ ದೀಪ ರಸ್ತೆ ಮುಟ್ಟುತ್ತಿರಲಿಲ್ಲ.

ಇಲ್ವರ್‌ಮಾರ್ನಿ ನೋ-ಮ್ಯಾಜ್ ಕಣ್ಣಿಗೆ ಕಾಣದಂತೆ ಮಂತ್ರ ಹಾಕಿದ್ದಾರೆ, ಆ ಮಂತ್ರ ಕೆಲವು ಸಲ ಮಂಜಿನ ಸುರುಳಿಯಾಗಿ ಕಾಣುತ್ತದೆ ಅಂತ ಅಧಿಕೃತ ಬರಹದಲ್ಲೇ ಇದೆ. ಹಾಗಾಗಿ ನನಗೆ ಮೋಸ ಆಗಲಿಲ್ಲ. ಗಂಡನಿಗೆ ಆಯಿತು. ಪಾರ್ಕಿಂಗ್‌ನಿಂದ ಇಪ್ಪತ್ತು ಹೆಜ್ಜೆ ನಡೆದ ಮೇಲೆ ಯುದ್ಧದಲ್ಲಿ ಸತ್ತವರ ನೆನಪಿನ ಕಲ್ಲಿನ ಗೋಪುರ ಒಮ್ಮೆಲೇ ಎದುರಿಗೆ ಬಂತು, ಅಲ್ಲೇ ಹುಟ್ಟಿಕೊಂಡ ಹಾಗೆ. 93 ಅಡಿ, ತುದಿಯಲ್ಲಿ ದೀಪದ ಗಾಜಿನ ಗುಂಡು. ಪಕ್ಕದಲ್ಲಿ 1930ರ ದಶಕದ ಕಲ್ಲು ಮರದ ಲಾಡ್ಜ್. ಬೆನ್ನಿಗೆ ದೊಡ್ಡ ಚೀಲ ಹೊತ್ತ ಇಬ್ಬರು ಅಪಲೇಚಿಯನ್ ಟ್ರೇಲ್ ಅನ್ನುವ ಉದ್ದನೆಯ ಕಾಲುದಾರಿಯಿಂದ ಬಂದು, ನಮಗೆ ತಲೆ ಆಡಿಸಿ, ಮತ್ತೆ ಮಂಜಿನೊಳಗೆ ಹೋದರು. ಬೆಂಚಿನ ಮೇಲೆ ಕೂತು ಪುಳಿಯೋಗರೆ ಡಬ್ಬಿ ತೆಗೆದೆವು. ತಣ್ಣಗಾಗಿ ಎಣ್ಣೆ ಗಟ್ಟಿಯಾಗಿತ್ತು. ಡಬ್ಬಿಯೊಳಗೂ ಮಂಜು ಇಳಿಯಿತು.

ಈ ಬೆಟ್ಟಕ್ಕೆ ಫ್ಯಾನ್‌ಗಳು ಹೊಸಬರಲ್ಲ. ತಿಮಿಂಗಿಲದ ಕಾದಂಬರಿ ಬರೆದ ಹರ್ಮನ್ ಮೆಲ್ವಿಲ್ ಕೆಳಗಿನ ಪಿಟ್ಸ್‌ಫೀಲ್ಡ್‌ನಲ್ಲಿ ಇದ್ದ. ಅವನ ಬರೆಯುವ ಕೋಣೆಯ ಕಿಟಕಿಯಿಂದ ಹಿಮ ಹೊದ್ದ ಗ್ರೇಲಾಕ್ ಕಾಣುತ್ತಿತ್ತು, ತಿಮಿಂಗಿಲದ ಬೆನ್ನಿನ ಹಾಗೆ. ಮುಂದಿನ ಕಾದಂಬರಿಯನ್ನು ಅವನು ಅರ್ಪಿಸಿದ್ದೇ ಈ ಬೆಟ್ಟಕ್ಕೆ. ಮನುಷ್ಯರಿಗಲ್ಲ, ಬೆಟ್ಟಕ್ಕೆ!

ಆದರೆ ಇನ್ನೊಂದು ವಿಷಯ ಇದೆ. ಅದು ಈ ಶಾಲೆಯ ತಳಪಾಯದ್ದೇ. ಇಲ್ವರ್‌ಮಾರ್ನಿಯಲ್ಲಿ ಮಕ್ಕಳಿಗೆ ನಾಲ್ಕು ಮನೆ, ಅಂದರೆ ಹೌಸ್: ಹಾರ್ನ್ಡ್ ಸರ್ಪೆಂಟ್, ವಾಂಪಸ್, ಥಂಡರ್‌ಬರ್ಡ್, ಪಕ್‌ವಡ್ಜಿ. ಈ ಹೆಸರುಗಳು ಲೇಖಕಿ ಹುಟ್ಟಿಸಿದವಲ್ಲ. ಪಕ್‌ವಡ್ಜಿ ವಾಂಪನೋಗ್ ಜನರ ಕಥೆಗಳದ್ದು. ಕೊಂಬಿನ ಹಾವು, ಗುಡುಗಿನ ಹಕ್ಕಿ ಹಲವು ಮೂಲನಿವಾಸಿ ಜನಾಂಗಗಳಲ್ಲಿ ಈಗಲೂ ಬರೀ ಕಥೆಯಲ್ಲ, ನಂಬಿಕೆ. ಅದಕ್ಕಿಂತ ಮುಂಚಿನ ಮಾರ್ಚಿನ ಬರಹದಲ್ಲಿ ನವಾಹೋ ಜನರ ಸ್ಕಿನ್‌ವಾಕರ್ ಬಗ್ಗೆ ಇತ್ತು. ಅವು ಕೇಡಿನವಲ್ಲ, ಪ್ರಾಣಿ ರೂಪ ತಾಳುವ ಪಾಪದ ಮಾಂತ್ರಿಕರ ಮೇಲೆ ಹಬ್ಬಿದ ಗಾಳಿಸುದ್ದಿ ಅಂತ. ಚೆರೋಕಿ ನೇಷನ್‌ನ ವಿದ್ವಾಂಸೆ ಏಡ್ರಿಯನ್ ಕೀನ್, ನಾಂಬೆ ಪ್ಯೂಬ್ಲೋದ ಡೆಬಿ ರೀಸ್ ಇಬ್ಬರೂ ಕೂಡಲೇ ಬರೆದರು. ಬದುಕಿರುವ ಜನರ ಬದುಕಿರುವ ನಂಬಿಕೆಯನ್ನು ಡ್ರ್ಯಾಗನ್, ಯೂನಿಕಾರ್ನ್ ಸಾಲಿನಲ್ಲಿ ನಿಲ್ಲಿಸಬೇಡಿ, ನೂರಾರು ಜನಾಂಗಗಳನ್ನು ಒಂದೇ ಮೂಟೆ ಕಟ್ಟಬೇಡಿ ಅನ್ನುವುದು ಅವರ ಮಾತು.

ಮೊದಲು ಓದಿದಾಗ ನನಗೆ ಅಷ್ಟು ತಾಗಲಿಲ್ಲ. ಕಥೆ ತಾನೇ, ಅನ್ನಿಸಿತು. ಆಮೇಲೆ ಒಂದು ದಿನ ಪಾತ್ರೆ ತೊಳೆಯುತ್ತಾ ಇದ್ದಾಗ ಸುಮ್ನೆ ತಿರುಗಿಸಿ ನೋಡಿದೆ. ಯಾರೋ ಇಂಗ್ಲೆಂಡಿನಲ್ಲಿ ಕೂತು ಕರ್ನಾಟಕದ ಮಾಂತ್ರಿಕ ಶಾಲೆ ಬರೆಯುತ್ತಾರೆ ಅಂತ ಇಟ್ಟುಕೊಳ್ಳಿ. ಶಾಲೆ ಇರುವುದು ಬೀದರ್ ಕೋಟೆಯಲ್ಲಿ. ಮನೆಗಳ ಹೆಸರು ಪಂಜುರ್ಲಿ, ಗುಳಿಗ. ಪಂಜುರ್ಲಿ ಹೌಸ್‌ಗೆ ಹತ್ತು ಪಾಯಿಂಟು, ಹೋಂವರ್ಕ್ ಮಾಡಿದ್ದಕ್ಕೆ. ಗುಳಿಗ ಹೌಸ್ ಟೀ ಶರ್ಟು, ಕೀ ಚೈನು. ನನ್ನ ಗಂಡ ಪುತ್ತೂರಿನವನು. ಅವನ ಹತ್ತಿರ ಹೇಳಿದೆ. ಅವನು ಹ್ಯಾರಿ ಪಾಟರ್ ಓದಿದವನಲ್ಲ, ಇಂಥದ್ದಕ್ಕೆಲ್ಲ ತಲೆ ಕೆಡಿಸಿಕೊಳ್ಳುವವನೂ ಅಲ್ಲ. 'ಹಾಗೆಲ್ಲ ಮಾಡಬಾರದು' ಅಂತ ಒಂದೇ ಮಾತು ಹೇಳಿ ಟಿವಿ ಕಡೆ ತಿರುಗಿದ. ಆ ದನಿ ನನಗೆ ಗೊತ್ತು. ಕೋಲ ನಡೆಯುವಾಗ ಮಕ್ಕಳು ನಕ್ಕರೆ ಅತ್ತೆ ಆಡುವ ದನಿ ಅದು.

ಬೀದರ್ ಅಂತ ಬೇಕೆಂದೇ ಹೇಳಿದೆ. ವಾಂಪನೋಗ್ ಜನ ಕಡಲ ಕಡೆಯವರು, ರಾಜ್ಯದ ಆಗ್ನೇಯ ಮೂಲೆಯವರು. ಗ್ರೇಲಾಕ್ ಇರುವುದು ವಾಯವ್ಯ ಮೂಲೆಯಲ್ಲಿ, ಮೊಹಿಕನ್ ಜನರ ನೆಲದಲ್ಲಿ. ಆ ಮೊಹಿಕನ್ನರನ್ನು ಅಲ್ಲಿಂದ ಹಂತ ಹಂತವಾಗಿ ಸರಿಸುತ್ತಾ ಸರಿಸುತ್ತಾ ಕೊನೆಗೆ ವಿಸ್ಕಾನ್ಸಿನ್‌ಗೆ ಮುಟ್ಟಿಸಿದರು. ಅವರ ಬೆಟ್ಟದ ಮೇಲೆ ಕಟ್ಟಿದ ಶಾಲೆಯಲ್ಲಿ ಅವರದ್ದೇ ಸುದ್ದಿ ಇಲ್ಲ.

ನಾನೇನು ಸಾಚಾ ಅಲ್ಲ. 2014ರಲ್ಲಿ ನಾನು ಬರೆದ ಕಥೆಯಲ್ಲಿ ಗರಿ ಸಿಕ್ಕಿಸಿಕೊಂಡ ಒಬ್ಬ ಮುದುಕ ಇದ್ದ. ಕಾಡಿನಲ್ಲಿ ಸಿಗುತ್ತಿದ್ದ. ಒಗಟಿನಲ್ಲಿ ಮಾತಾಡುತ್ತಿದ್ದ. ಬೋಸ್ಟನ್ ಹುಡುಗನಿಗೆ ದಾರಿ ತೋರಿಸಿ ಮಾಯವಾಗುತ್ತಿದ್ದ. ಹೆಸರೂ ಇಟ್ಟಿರಲಿಲ್ಲ ಅವನಿಗೆ. ಅವನು ಎಲ್ಲಿಂದ ಬಂದ ಅಂತ ಯೋಚಿಸಿದರೆ, ಚಿಕ್ಕಂದಿನಲ್ಲಿ ಭಾನುವಾರ ನೋಡಿದ ಕೌಬಾಯ್ ಸಿನಿಮಾಗಳಿಂದ. ಆ ಅಧ್ಯಾಯ ತೆಗೆದುಹಾಕಿದೆ. ತಿದ್ದಲು ನೋಡಿದೆ, ಆಗಲಿಲ್ಲ. ಅವನಿಗೆ ಒಂದು ಊರು, ಒಂದು ಭಾಷೆ ಕೊಡುವಷ್ಟು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ಗರಿ ಸಿಕ್ಕಿಸಿದ್ದೆ ಅಷ್ಟೇ.

ನನಗೆ ಗೊತ್ತಿದ್ದದ್ದು ಕೌಂಟರ್.

2016ರ ನವೆಂಬರಿನಲ್ಲಿ ಅದೇ ಲೋಕದ ಫೆಂಟಾಸ್ಟಿಕ್ ಬೀಸ್ಟ್ಸ್ ಸಿನಿಮಾ ಬಂತು, 1926ರ ನ್ಯೂಯಾರ್ಕಿನ ಕಥೆ. ಇಂಗ್ಲೆಂಡಿನ ಪ್ರಾಣಿಪ್ರಿಯ ನ್ಯೂಟ್ ಹಡಗಿಳಿದು ಬರುತ್ತಾನೆ. ಟೀನಾ ಅನ್ನುವವಳು ಹಿಡಿದು ಕೇಳುವುದು ಏನು ಗೊತ್ತಾ? ಮಂತ್ರದ ಕೋಲಿಗೆ ಪರ್ಮಿಟ್ ಇದೆಯಾ ಅಂತ. ನ್ಯೂಯಾರ್ಕಿನಲ್ಲಿ ಹೊರದೇಶದವರೆಲ್ಲ ತೆಗೆದುಕೊಳ್ಳಲೇಬೇಕಂತೆ. ಅವನು, ವಾರಗಳ ಹಿಂದೆಯೇ ಪೋಸ್ಟಿನಲ್ಲಿ ಅರ್ಜಿ ಹಾಕಿದ್ದೇನೆ ಅನ್ನುತ್ತಾನೆ. ಇಡೀ ಥಿಯೇಟರಿನಲ್ಲಿ ನಾನೊಬ್ಬಳೇ ಜೋರಾಗಿ ನಕ್ಕೆ. ನನ್ನ ಅರ್ಜಿಯೂ ಆಗ ಪೋಸ್ಟಿನಲ್ಲೇ ಇತ್ತು. 2015ರ ಮೇ ತಿಂಗಳಿಂದ ಕೆಲವು ಎಚ್-4 ಹೆಂಡತಿಯರಿಗೆ ಕೆಲಸದ ಪರ್ಮಿಟ್ ಕೊಡಲು ಶುರು ಮಾಡಿದ್ದರು. ಗಂಡನ ಗ್ರೀನ್ ಕಾರ್ಡಿನ ಕಾಗದ ಒಂದು ಹಂತ ದಾಟಿರಬೇಕು. ನಮ್ಮದು ದಾಟಿತ್ತು, ಅರ್ಜಿ ಹಾಕಿದ್ದೆ, ಕಾಯುತ್ತಿದ್ದೆ.

ಅಮೆರಿಕದ ಮಾಂತ್ರಿಕ ಸರ್ಕಾರದ ಹೆಸರು ಮಕೂಸಾ. ಆಫೀಸು ವುಲ್ವರ್ತ್ ಕಟ್ಟಡದಲ್ಲಿ, ನೋ-ಮ್ಯಾಜ್‌ಗಳಿಗೆ ಕಾಣದ ಹಾಗೆ. ನಿಜದ ವುಲ್ವರ್ತ್ 1913ರದ್ದು. 792 ಅಡಿ ಎತ್ತರ, 1930ರವರೆಗೆ ಪ್ರಪಂಚದಲ್ಲೇ ಎತ್ತರದ ಕಟ್ಟಡ. ಐದು ಸೆಂಟು, ಹತ್ತು ಸೆಂಟಿನ ಸಾಮಾನು ಮಾರಿ ಕಟ್ಟಿಸಿದ್ದು. ಲಾಬಿಯಲ್ಲಿ ಯಜಮಾನ ಚಿಲ್ಲರೆ ಎಣಿಸುತ್ತಾ ಕೂತಿರುವ ಒಂದು ಪುಟ್ಟ ಕೆತ್ತನೆ ಇದೆ. ಮಾಂತ್ರಿಕರ ಸರ್ಕಾರವನ್ನು ಇಂಥ ಕಟ್ಟಡದಲ್ಲಿ ಕೂರಿಸಿದ್ದು ಒಳ್ಳೆಯ ಆಯ್ಕೆ. ಇಂಗ್ಲೆಂಡಿನ ಮಾಂತ್ರಿಕರಿಗೆ ಕೋಟೆ ಇದೆ, ಇಲ್ಲಿಯವರಿಗೆ ಲಿಫ್ಟು ಮತ್ತು ಕೌಂಟರು.

ಆ ಸರ್ಕಾರದ ಒಂದು ಕಾನೂನು ನನ್ನನ್ನು ಬಿಡಲಿಲ್ಲ. ರ‍್ಯಾಪಪೋರ್ಟ್ ಕಾನೂನು, 1790. ಡೋರ್ಕಸ್ ಟ್ವೆಲ್ವ್‌ಟ್ರೀಸ್ ಅನ್ನುವ ಹುಡುಗಿ, ಅಪ್ಪ ಮಕೂಸಾದ ಖಜಾನೆ ನೋಡಿಕೊಳ್ಳುವವನು. ಅವಳು ಚಂದದ ನೋ-ಮ್ಯಾಜ್ ಹುಡುಗನೊಬ್ಬನಿಗೆ ಮನಸೋತು ಮಾಂತ್ರಿಕರ ಗುಟ್ಟೆಲ್ಲ ಹೇಳಿಬಿಡುತ್ತಾಳೆ. ಅವನು ಮಾಂತ್ರಿಕರನ್ನು ಬೇಟೆಯಾಡುವ ಮನೆತನದವನು. ಕರಪತ್ರ ಹಂಚುತ್ತಾನೆ, ಗುಂಡು ಹಾರಿಸುತ್ತಾನೆ, ಜೈಲಿಗೆ ಹೋಗುತ್ತಾನೆ. ಸರ್ಕಾರ ಹೆದರಿ ಕಾನೂನು ತರುತ್ತದೆ: ಮಾಂತ್ರಿಕರು ನೋ-ಮ್ಯಾಜ್‌ಗಳ ಜೊತೆ ಸ್ನೇಹ ಮಾಡುವಂತಿಲ್ಲ, ಮದುವೆ ಆಗುವಂತಿಲ್ಲ. ಡೋರ್ಕಸ್ ಒಂದು ವರ್ಷ ಸೆರೆಯಲ್ಲಿದ್ದು, ಆಮೇಲೆ ಒಂದು ಕನ್ನಡಿ, ಒಂದು ಗಿಳಿ ಇಟ್ಟುಕೊಂಡು ಒಬ್ಬಳೇ ಬದುಕಿ ಸಾಯುತ್ತಾಳೆ. ಅಮೆರಿಕದ ಮಾಂತ್ರಿಕರ ಮಾತಿನಲ್ಲಿ ದಡ್ಡರಿಗೆ ಈಗಲೂ ಡೋರ್ಕಸ್ ಅಂತಾರಂತೆ. ಪಾಪ! ಮೋಸ ಮಾಡಿದವನ ಹೆಸರು ಬೈಗುಳ ಆಗಲಿಲ್ಲ ನೋಡಿ. ಅವಳ ಪರವಾಗಿ ಬರೆದ ಫ್ಯಾನ್‌ಫಿಕ್‌ಗಳನ್ನು ನಾನು ಹುಡುಕಿ ಹುಡುಕಿ ಓದಿದ್ದೇನೆ. ಒಂದರಲ್ಲಿ ಇಡೀ ಕಥೆ ಹೇಳುವುದು ಗಿಳಿ.

ಈ ಕಾನೂನು ರದ್ದಾದ ವರ್ಷ 1965. ಯಾರು ಹೋರಾಡಿದರು, ಯಾಕೆ ರದ್ದಾಯಿತು ಅನ್ನುವುದು ಅಲ್ಲಿಲ್ಲ. ಶಾಲೆಯ ಬಗ್ಗೆ ಹೇಳುತ್ತಾ ಇಸವಿ ಮಾತ್ರ ಹೀಗೆ ಬಂದು ಹಾಗೆ ಹೋಗುತ್ತದೆ.

1965! ಈ ದೇಶದಲ್ಲಿರುವ ಭಾರತೀಯರಿಗೆ ಆ ಇಸವಿ ಕೇಳಿದರೆ ಮೈ ಜುಂ ಅನ್ನಬೇಕು. ಆ ವರ್ಷ ಅಕ್ಟೋಬರ್ 3ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಲಿಬರ್ಟಿ ಪ್ರತಿಮೆಯ ಬುಡದಲ್ಲಿ ಕೂತು ಹೊಸ ವಲಸೆ ಕಾನೂನಿಗೆ ಸಹಿ ಹಾಕಿದ. ಅದಕ್ಕೆ ಮುಂಚೆ ನಮಗೆ ಬಾಗಿಲು ಹೆಚ್ಚೂ ಕಮ್ಮಿ ಮುಚ್ಚಿತ್ತು. 1917ರಲ್ಲಿ ಏಷ್ಯಾದ ಬಹುಪಾಲು ಜನರಿಗೆ ಪ್ರವೇಶ ಇಲ್ಲ ಅಂದರು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅನ್ನುವವರ ಮೊಕದ್ದಮೆಯಲ್ಲಿ ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರತ್ವ ಇಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. 1946ರಲ್ಲಿ ಕೊಂಚ ಸಡಿಲಿಸಿ ವರ್ಷಕ್ಕೆ ನೂರು ಜನ ಬರಬಹುದು ಅಂದರು. ಇಡೀ ಭಾರತದಿಂದ ನೂರು. ನಮ್ಮ ಬೀದಿಯ ಕನ್ನಡ ರಾಜ್ಯೋತ್ಸವಕ್ಕೇ ಅದಕ್ಕಿಂತ ಜಾಸ್ತಿ ಜನ ಬರುತ್ತಾರೆ.

ಎರಡು ಕಾನೂನು, ಒಂದೇ ವರ್ಷ. ಒಂದು ನಿಜ, ಒಂದು ಕಟ್ಟುಕಥೆ. ನನ್ನ ಓಸಿ ಹುಟ್ಟಿದ್ದು ಅಲ್ಲಿ. ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಓದಿದ ಡಾಕ್ಟರು, ಮಾಂತ್ರಿಕಳು. ಗಂಡ ಹೈಸ್ಕೂಲು ಮೇಷ್ಟ್ರು, ಅಪ್ಪಟ ನೋ-ಮ್ಯಾಜ್. ಐದು ವರ್ಷ ಮುಂಚೆ ಹೊರಟಿದ್ದರೆ ಅವಳನ್ನು ಎರಡು ಸಲ ತಡೆಯುತ್ತಿದ್ದರು. ಭಾರತದವಳು ಅಂತ ನೋ-ಮ್ಯಾಜ್ ಅಮೆರಿಕ. ನೋ-ಮ್ಯಾಜ್‌ನ ಹೆಂಡತಿ ಅಂತ ಮಾಂತ್ರಿಕ ಅಮೆರಿಕ. ಈಗ ಎರಡೂ ಬಾಗಿಲು ತೆರೆದಿದೆ, ಕಾಗದದ ಮೇಲೆ. ಕರಿಯರೂ ಬಿಳಿಯರೂ ಮದುವೆಯಾಗುವುದು ದೇಶದ ಎಲ್ಲ ಕಡೆ ಕಾನೂನುಬದ್ಧ ಆದದ್ದು 1967ರಲ್ಲಿ. ಅವಳು ಬರುವುದು 1968ರಲ್ಲಿ. ಕಾನೂನು ಹೋದ ಕೂಡಲೇ ಕೌಂಟರ್‌ಗಳು ಹೋಗುವುದಿಲ್ಲ. ಆದ್ದರಿಂದ ನನ್ನ ಕಥೆಯಲ್ಲಿ ಮಂತ್ರದ ಕೋಲಿನ ಪರ್ಮಿಟ್ ಆಫೀಸು ವುಲ್ವರ್ತ್‌ನ ನೆಲಮಾಳಿಗೆಯಲ್ಲಿ ಇನ್ನೂ ನಡೆಯುತ್ತಿದೆ.

ಅವಳಿಗೆ ಎಂಥ ಮಂತ್ರ ಕೊಡುವುದು ಅನ್ನುವುದಕ್ಕೆ ತಿಂಗಳುಗಟ್ಟಲೆ ಒದ್ದಾಡಿದೆ. ಪುಸ್ತಕದಲ್ಲಿ ನಮ್ಮ ಕಡೆಯವರು ಅಂದರೆ ಪಾಟೀಲ ಅಕ್ಕ-ತಂಗಿ, ಪಾರ್ವತಿ ಮತ್ತು ಪದ್ಮಾ. ಪಾಟೀಲ ಅಂದಮೇಲೆ ವಿಜಯಪುರದವರೋ ಕೊಲ್ಲಾಪುರದವರೋ ಅಂತ ನಾನೂ ನನ್ನ ಧಾರವಾಡದ ಗೆಳತಿಯೂ ಜಗಳ ಆಡಿದ್ದೇವೆ. ಆದರೆ ಅವರು ಓದಿದ್ದು ಹಾಗ್ವಾರ್ಟ್ಸ್‌ನಲ್ಲಿ, ಮಂತ್ರ ಎಲ್ಲ ಲ್ಯಾಟಿನ್ ಥರದ್ದು. ಸಂಸ್ಕೃತ ಹಾಕಿ ನೋಡಿದೆ. ಡಾಕ್ಟರು ಹೋಗಿ ಪುರೋಹಿತರು ಬಂದರು. ಹಳಗನ್ನಡ ಹಾಕಿದೆ; ಎಂಟನೇ ಕ್ಲಾಸಿನ ಕನ್ನಡ ಪರೀಕ್ಷೆ ನೆನಪಾಯಿತು.

ಒಂದು ದಿನ ನನ್ನ ಅಮ್ಮ ಇಲ್ಲಿಗೆ ಬಂದಿದ್ದಾಗ ಮಗುವಿಗೆ ದೃಷ್ಟಿ ತೆಗೆದರು. ಉಪ್ಪು, ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು, ನಾಯಿ ಕಣ್ಣು, ನರಿ ಕಣ್ಣು, ಹಾದಿ ಹೋಕರ ಕಣ್ಣು ಅಂತ ಮೂರು ಸುತ್ತು. ಬಾಣಲೆಗೆ ಹಾಕಿದ್ದೇ ತಡ, ಹೊಗೆಗೆ ಅಲಾರಂ ಕೂಗಿಕೊಂಡಿತು. ಅದಕ್ಕೆ ಪಕ್ಕದ ಮನೆಯ ನಾಯಿ ಕೂಗಿಕೊಂಡಿತು. ನಾನು ಕುರ್ಚಿ ಹತ್ತಿ ಟವೆಲ್ ಬೀಸುತ್ತಿದ್ದೇನೆ, ಅಮ್ಮ ಕೆಳಗೆ ನಿಂತು, 'ಘಾಟೇ ಬರಲಿಲ್ಲ ನೋಡು, ಎಷ್ಟು ದೃಷ್ಟಿ ಆಗಿತ್ತು' ಅನ್ನುತ್ತಿದ್ದಾರೆ, ಇಬ್ಬರೂ ಕೆಮ್ಮುತ್ತಿದ್ದೇವೆ. ನನ್ನ ಡಾಕ್ಟರಿಗೆ ಮಂತ್ರ ಸಿಕ್ಕಿತು. ಯಾವ ಶಾಲೆಯಲ್ಲೂ ಕಲಿತದ್ದಲ್ಲ, ಮನೆಯಲ್ಲಿ ಬಂದದ್ದು. ಲೂಸಿಯಾನದ ಗೆಳತಿಯರ ಕಾಲದ ಆ ಅಜ್ಜಿಯರ ಪಾಠ ಕೊನೆಗೆ ನನ್ನ ಕಥೆಗೇ ಬಂತು.

ಕೋಲು? ಅಧಿಕೃತ ಬರಹದಲ್ಲಿ ಅಮೆರಿಕದ ಕೋಲು ಮಾಡುವವರ ಹೆಸರೆಲ್ಲ ಇದೆ. ಥಂಡರ್‌ಬರ್ಡ್ ಗರಿ ಹಾಕುವವಳು, ಅರ್ಕನ್ಸಾದ ವೈಟ್ ನದಿಯ ಪ್ರಾಣಿಯ ಮುಳ್ಳು ಹಾಕುವವನು, ನ್ಯೂ ಆರ್ಲಿಯನ್ಸ್‌ನ ಜೌಗಿನ ಮರದಲ್ಲಿ ಮಾಡುವವಳು. ನನ್ನವಳ ಹತ್ತಿರ ಇರುವುದು ಅಜ್ಜಿಯ ಕಡಗೋಲು. ಆ ಕಾಲದಲ್ಲಿ ಭಾರತ ಬಿಡುವವರು ಎಂಟು ಡಾಲರ್ ಮಾತ್ರ ತರಬಹುದಿತ್ತು ಅಂತ ಇಲ್ಲಿನ ಹಿರಿಯರು ಎಲ್ಲರೂ ಹೇಳುತ್ತಾರೆ. ಎಂಟು ಡಾಲರ್, ಎರಡು ಸೀರೆ, ಸ್ಟೆತಸ್ಕೋಪು, ಕಡಗೋಲು. ಕೆನಡಿ ವಿಮಾನ ನಿಲ್ದಾಣದಲ್ಲಿ ಅದನ್ನು ತಿರುಗಿಸಿ ನೋಡಿದ ನೋ-ಮ್ಯಾಜ್ ಅಧಿಕಾರಿಗೆ ಮಜ್ಜಿಗೆ ಕಡೆಯುವುದು ಅಂತ ಹೇಳಿ ದಾಟಿದ್ದಾಳೆ. ಈಗ ವುಲ್ವರ್ತ್‌ನ ನೆಲಮಾಳಿಗೆಯಲ್ಲಿ ಕೂತಿದ್ದಾಳೆ. ಎರಡು ಗಂಟೆ ಆಯಿತು. ಮೊನ್ನೆ ರಾತ್ರಿ ಅಲ್ಲಿಯವರೆಗೆ ಬರೆದೆ.

ಗುಮಾಸ್ತ ಕಡಗೋಲನ್ನು ತಕ್ಕಡಿಯಲ್ಲಿ ಇಟ್ಟ. ಮರ ಯಾವುದು ಅಂತ ಕೇಳಿದ. ಹಲಸು ಅಂದಳು. ಒಳಗಿನ ತಿರುಳು ಯಾವುದು, ಗರಿಯೋ, ಕೂದಲೋ, ಮುಳ್ಳೋ ಅಂತ ಕೇಳಿದ.

'ಬೆಣ್ಣೆ,' ಅಂದಳು. 'ನಲವತ್ತು ವರ್ಷದ್ದು.'

ಗುಮಾಸ್ತ ಪೆನ್ನು ಎತ್ತಿ, ಸ್ಪೆಲ್ಲಿಂಗ್ ಹೇಳಿ ಅಂದ.